ಧಾರವಾಡದಲ್ಲಿದ್ದುಕೊಂಡು ಪುಣೆಯಲ್ಲಿ ಫ್ಲಾಟ್ ಕೊಂಡು ಬಾಡಿಗೆಗೆ ಕೊಡಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಧಾರವಾಡದಲ್ಲಿ ನೌಕರಿ, ಪುಣೆಯ ವಾಕಡದಲ್ಲಿ 75 ಲಕ್ಷಕ್ಕೆ ಒಂದು ಹಳೆಯ 2 ಬಿಎಚ್‌ಕೆ ನೋಡಿದ್ದೀರಿ, ತಿಂಗಳಿಗೆ 25 ಸಾವಿರ ಬಾಡಿಗೆ ಗ್ಯಾರಂಟಿ ಅಂತ ಏಜೆಂಟ್ ಹೇಳಿದ್ದಾನೆ, 50 ಲಕ್ಷ ಸಾಲ ತೆಗೆದು ಅದನ್ನು ಕೊಳ್ಳಬಹುದೇ? ತಂಗಿಯ ಮನೆ ಅಲ್ಲೇ ಹತ್ತಿರದ ಚಿಂಚವಡದಲ್ಲಿದೆ ಅಂತಲೂ ಬರೆದಿದ್ದೀರಿ. ನಿಮ್ಮ ಇಡೀ ಪ್ರಶ್ನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಆ ಕೊನೆಯ ಸಾಲು.

ನಾನು ಬೆಳಗಾವಿಯವನು. 2016ರಿಂದ ಪುಣೆಯಲ್ಲಿ ಒಂದು ಫ್ಲಾಟ್ ಬಾಡಿಗೆಗೆ ಕೊಡುತ್ತಾ ಬಂದಿದ್ದೇನೆ. ಬೇರೆ ರಾಜ್ಯದಲ್ಲಿ ಮನೆ ಕೊಳ್ಳುವವರು ರೇಟು, ಲೊಕೇಶನ್, ಮೆಟ್ರೋ ಎಲ್ಲ ವಿಚಾರಿಸುತ್ತಾರೆ. ಬೀಗದ ಕೈ ಯಾರ ಹತ್ತಿರ ಇರಬೇಕು ಅನ್ನುವುದನ್ನು ಮಾತ್ರ ಯೋಚಿಸುವುದಿಲ್ಲ. ನಾನೂ ಯೋಚಿಸಿರಲಿಲ್ಲ.

ಒಂದು ಜುಲೈ ರಾತ್ರಿ ಸೊಸೈಟಿಯ (ಆ ಕಟ್ಟಡದ ಫ್ಲಾಟ್ ಮಾಲೀಕರ ಸಂಘ) ಸೆಕ್ರೆಟರಿ ವಾಟ್ಸಾಪಿನಲ್ಲಿ ಫೋಟೋ ಕಳಿಸಿದರು. ನಮ್ಮ ಕೆಳಗಿನ ಮನೆಯ ಬಚ್ಚಲಿನ ಛತ್ತು. ಬಣ್ಣ ಉಬ್ಬಿ ಹಪ್ಪಳದ ಹಾಗೆ ಎದ್ದಿತ್ತು, ಟ್ಯೂಬ್‌ಲೈಟಿನ ಪಟ್ಟಿಯಿಂದ ನೀರು ಹನಿಯುತ್ತಿತ್ತು. ಬಾಡಿಗೆದಾರನಿಗೆ ಫೋನ್ ಹಚ್ಚಿದರೆ, "ಊರಿಗೆ ಬಂದಿದ್ದೇನೆ, ನೀವೇ ಬಾಗಿಲು ತೆಗೆದು ನೋಡಿ" ಅಂದ. ಇನ್ನೊಂದು ಕೀ ಇದ್ದದ್ದು ಬೆಳಗಾವಿಯಲ್ಲಿ, ನಮ್ಮ ದೇವರ ಕೋಣೆಯ ಡ್ರಾಯರಿನಲ್ಲಿ. ಅದೇ ರಾತ್ರಿ ಬಸ್ಸು ಹತ್ತಿ ಮುನ್ನೂರು ಚಿಲ್ಲರೆ ಕಿಲೋಮೀಟರ್ ಹೋಗಿ ಬೆಳಗಿನ ಆರಕ್ಕೆ ಬಾಗಿಲು ತೆಗೆದೆ. ಗೀಜರಿನ ಪೈಪಿನ ಕೆಳಗೆ ಒಂದು ನೀಲಿ ಪ್ಲಾಸ್ಟಿಕ್ ಮಗ್ ಇತ್ತು. ಸೋರುವುದನ್ನು ಅವನು ಮೊದಲೇ ನೋಡಿದ್ದ, ಮಗ್ ಇಟ್ಟು ಊರಿಗೆ ಹೋಗಿದ್ದ. ಅದು ತುಂಬಿ ಎರಡು ದಿನ ಹರಿದಿತ್ತು. ವಾಶರಿಗೆ ಕೊಟ್ಟದ್ದು 40 ರೂಪಾಯಿ. ಕೆಳಗಿನವರ ಛತ್ತು ರಿಪೇರಿ ಮತ್ತು ಬಣ್ಣಕ್ಕೆ 9,000. ಆ ಮನೆಯ ಅಜ್ಜಿ ಒಂದು ಮಾತೂ ಬೈಯದೆ ನನಗೆ ಚಹಾ ಕೊಟ್ಟರು. ಅದು ಇನ್ನೂ ಮನಸ್ಸಿನಲ್ಲಿದೆ.

ಅವತ್ತೇ ಅದೇ ಕಟ್ಟಡದಲ್ಲಿದ್ದ ನಿವೃತ್ತ ದಂಪತಿಯ ಕೈಗೆ ಒಂದು ಕೀ ಕೊಟ್ಟು ಬಂದೆ. ಬಾಡಿಗೆದಾರನಿಗೆ ತಿಳಿಸಿಯೇ ಕೊಟ್ಟದ್ದು. ಅವರು ದುಡ್ಡು ಮುಟ್ಟುವುದಿಲ್ಲ, ವರ್ಷಕ್ಕೆರಡು ಸಲ ಕುಂದಾ ಒಯ್ದು ಕೊಡುತ್ತೇನೆ. ಬಾಡಿಗೆಯಲ್ಲಿ ಪಾಲು ತೆಗೆದುಕೊಂಡು ಮನೆ ನೋಡಿಕೊಳ್ಳುವ ಕಂಪನಿಗಳೂ ಇವೆ. ಒಂದೇ ಫ್ಲಾಟ್ ಇದ್ದವರಿಗೆ ನಂಬಿಕೆಯ ನೆರೆಯವರೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಕಾಗದಪತ್ರ. ಕರ್ನಾಟಕದವರು ಹೆಚ್ಚಾಗಿ ಎಡವುವುದು ಇಲ್ಲೇ. ನಮ್ಮಲ್ಲಿ ಛಾಪಾ ಕಾಗದದ ಮೇಲೆ 11 ತಿಂಗಳ ಕರಾರು ಬರೆದು ನೋಟರಿ ಮಾಡಿಸಿದರೆ ಮುಗಿಯಿತು ಅನ್ನುವ ರೂಢಿ. ಮೊದಲ ಬಾಡಿಗೆದಾರನಿಗೆ ನಾನು ಹಾಗೇ ಮಾಡಿದೆ. ಅವಧಿ ಮುಗಿದರೂ ಅವನು ಬಿಡಲಿಲ್ಲ. ವಕೀಲರ ಹತ್ತಿರ ಹೋದರೆ ಅವರು ಕಾಗದ ನೋಡಿ ಬದಿಗಿಟ್ಟರು. ಮಹಾರಾಷ್ಟ್ರದಲ್ಲಿ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಕರಾರು, ಅದು 11 ತಿಂಗಳದ್ದೇ ಆಗಲಿ, ನೋಂದಣಿ ಆಗಲೇಬೇಕು. ಮಾಡಿಸುವ ಹೊಣೆ ಮನೆ ಮಾಲೀಕನದು. ನೋಂದಣಿ ಇಲ್ಲದಿದ್ದರೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದನ್ನೇ ನಿಜವೆಂದು ಹಿಡಿಯುತ್ತಾರೆ, ಅದು ಸುಳ್ಳು ಅಂತ ಸಾಬೀತು ಮಾಡುವ ಪಾಡು ನಮ್ಮದು. ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡಕ್ಕೂ ಅವಕಾಶವಿದೆ. ಏಳು ತಿಂಗಳು ಅಲೆದು, ಕೊನೆಗೆ ಡೆಪಾಸಿಟ್ಟಿನ ಮೇಲೆ ನಾನೇ ಇನ್ನಷ್ಟು ಕೊಟ್ಟು ಮನೆ ಬಿಡಿಸಿಕೊಂಡೆ.

ಅಲ್ಲಿ ಈ ಕರಾರಿಗೆ 'ಲೀವ್ ಅಂಡ್ ಲೈಸೆನ್ಸ್' ಅನ್ನುತ್ತಾರೆ. ನೋಂದಣಿ ಆನ್‌ಲೈನಿನಲ್ಲೇ ಆಗುತ್ತದೆ, ಏಜೆಂಟ್ ಹೆಬ್ಬೆಟ್ಟಿನ ಯಂತ್ರ ಹಿಡಿದುಕೊಂಡು ಮನೆಗೇ ಬರುತ್ತಾನೆ. ಒಟ್ಟು ಬಾಡಿಗೆಯ ಶೇ. 0.25 ಮುದ್ರಾಂಕ ಶುಲ್ಕ. ನಿಮ್ಮ ಲೆಕ್ಕಕ್ಕೆ 11 ತಿಂಗಳಿಗೆ ಸುಮಾರು 700 ರೂಪಾಯಿ, ನೋಂದಣಿಗೆ 1,000, ಏಜೆಂಟನ ಕೂಲಿ ಬೇರೆ. ಹೀಗೆ ನೋಂದಣಿಯಾಗಿದ್ದರೆ, ಅವಧಿ ಮುಗಿದ ಮೇಲೂ ಬಿಡದವರ ಮೇಲೆ ಇದಕ್ಕಾಗಿಯೇ ಇರುವ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು, ಅಲ್ಲಿಯವರೆಗಿನ ದಿನಗಳಿಗೆ ಎರಡರಷ್ಟು ಬಾಡಿಗೆಯನ್ನೂ ಕೇಳಬಹುದು. ಬಾಡಿಗೆದಾರನ ಮಾಹಿತಿಯನ್ನು ಪೊಲೀಸರಿಗೆ ಕೊಡುವುದನ್ನೂ ಮರೆಯಬೇಡಿ.

ಈಗ ದುಡ್ಡಿನ ಮಾತು. 75 ಲಕ್ಷದ ಮನೆಗೆ ಪುಣೆಯಲ್ಲಿ ಮುದ್ರಾಂಕ ಶುಲ್ಕ ಶೇ. 7, ನೋಂದಣಿ 30,000, ಅಂದರೆ 80 ಲಕ್ಷ ದಾಟಿತು. (ಮನೆಯ ಮಹಿಳೆಯ ಹೆಸರಲ್ಲಿ ಮಾಡಿಸಿದರೆ ಶೇ. 1 ರಿಯಾಯಿತಿ ಇದೆ, ವಿಚಾರ ಮಾಡಿ.) ವರ್ಷದ ಬಾಡಿಗೆ 3 ಲಕ್ಷ. ಅದರಲ್ಲಿ ಒಂದು ತಿಂಗಳು ಮನೆ ಖಾಲಿ ಬೀಳುತ್ತದೆ ಅಂತಲೇ ಹಿಡಿಯಿರಿ. ಮೇಂಟೆನೆನ್ಸ್ ತಿಂಗಳಿಗೆ 3,500, ಮನೆ ತೆರಿಗೆ 12,000, ಎರಡು ವರ್ಷಕ್ಕೊಮ್ಮೆ ಏಜೆಂಟನಿಗೆ ಒಂದು ತಿಂಗಳ ಬಾಡಿಗೆ, ಬಣ್ಣ-ರಿಪೇರಿಗೆ ವರ್ಷಕ್ಕೆ 15,000 ಅಂತ ಕಳೆದರೆ ಕೈಗೆ ಉಳಿಯುವುದು 1 ಲಕ್ಷ 93 ಸಾವಿರ. ಹಾಕಿದ ದುಡ್ಡಿಗೆ ನೂರಕ್ಕೆ 2.4. ಶೇ. 8.5ರ ಬಡ್ಡಿಗೆ 50 ಲಕ್ಷ ಸಾಲ 20 ವರ್ಷಕ್ಕೆ ತೆಗೆದರೆ ಕಂತು 43,400 ಆಗುತ್ತದೆ. ಬಾಡಿಗೆಯಿಂದ ಕಂತು ಕಟ್ಟುತ್ತೇನೆ ಅನ್ನುವ ಲೆಕ್ಕ ಕೂಡುವುದೇ ಇಲ್ಲ. ಖರ್ಚು ಕಳೆದು ಉಳಿದ ಬಾಡಿಗೆಯನ್ನೆಲ್ಲ ಸುರಿದರೂ ತಿಂಗಳಿಗೆ 27 ಸಾವಿರದಷ್ಟು ನಿಮ್ಮ ಸಂಬಳದಿಂದ ಹೋಗಬೇಕು. ಬಾಡಿಗೆಗಿಂತ ಬಡ್ಡಿ ಹೆಚ್ಚಾಗಿ ಆಗುವ ನಷ್ಟವನ್ನು ಹೊಸ ಆದಾಯ ತೆರಿಗೆ ಪದ್ಧತಿಯಲ್ಲಿ, ತೆರಿಗೆ ಲೆಕ್ಕಕ್ಕೆ ಸಂಬಳದಿಂದ ಕಳೆಯಲು ಬರುವುದಿಲ್ಲ ಅನ್ನುವುದೂ ಗೊತ್ತಿರಲಿ. ಹಾಗಾಗಿ ನನ್ನ ನೇರ ಉತ್ತರ: 50 ಲಕ್ಷ ಸಾಲ ಮಾಡಿ ಬೇಡ. 20-25 ಲಕ್ಷದೊಳಗಿನ ಸಾಲದಲ್ಲಿ ಆಗುವುದಾದರೆ ಮುಂದುವರಿಯಿರಿ.

ಹಳೆಯ ಫ್ಲಾಟ್ ಆದ್ದರಿಂದ ಜಿಎಸ್‌ಟಿ ತಲೆನೋವಿಲ್ಲ. ನಮ್ಮಲ್ಲಿ ಖಾತಾ, ಇಸಿ ಕೇಳುವ ಹಾಗೆ ಅಲ್ಲಿ ಇಂಡೆಕ್ಸ್-2 (ನೋಂದಣಿಯಾದ ಕ್ರಯಪತ್ರದ ಸಾರಾಂಶ), ಸೊಸೈಟಿಯ ಷೇರ್ ಸರ್ಟಿಫಿಕೇಟ್ (ಸದಸ್ಯತ್ವದ ದಾಖಲೆ), ಆಕ್ಯುಪೆನ್ಸಿ ಸರ್ಟಿಫಿಕೇಟ್ (ಕಟ್ಟಡ ವಾಸಕ್ಕೆ ಯೋಗ್ಯ ಅನ್ನುವ ಪಾಲಿಕೆಯ ಪತ್ರ) ಕೇಳಿ. ಕಟ್ಟಡದ ಜಾಗ ಬಿಲ್ಡರನ ಹೆಸರಿನಿಂದ ಸೊಸೈಟಿಯ ಹೆಸರಿಗೆ ಬಂದಿದೆಯೋ ಇಲ್ಲವೋ ಅನ್ನುವುದನ್ನೂ ಕೇಳಿ, 'ಕನ್ವೇಯನ್ಸ್ ಆಗಿದೆಯಾ' ಅಂದರೆ ಸೆಕ್ರೆಟರಿಗೆ ಅರ್ಥವಾಗುತ್ತದೆ. ಬಾಡಿಗೆಗೆ ಕೊಟ್ಟ ಫ್ಲಾಟಿಗೆ ಸೊಸೈಟಿ ಹೆಚ್ಚುವರಿ ಶುಲ್ಕ ಹಾಕುತ್ತದೆ. ಅದು ಸರ್ವಿಸ್ ಚಾರ್ಜಿನ (ಮೇಂಟೆನೆನ್ಸಿನಲ್ಲಿ ವಾಚ್‌ಮನ್, ಸ್ವಚ್ಛತೆಯಂಥ ಸೇವೆಗಳ ಪಾಲು) ಶೇ. 10ನ್ನು ಮೀರುವಂತಿಲ್ಲ, ಮೀರಿ ಕೇಳಿದರೆ ಸರ್ಕಾರದ 2001ರ ಆದೇಶ ತೋರಿಸಿ.

ಟೋಕನ್ ಕೊಡುವ ಮೊದಲು ಒಂದು ಭಾನುವಾರ ಬೆಳಿಗ್ಗೆ ಏಜೆಂಟ್ ಇಲ್ಲದೆ ಹೋಗಿ. ವಾಚ್‌ಮನ್ ಹತ್ತಿರ ಎರಡೇ ಪ್ರಶ್ನೆ ಕೇಳಿ: ಎಷ್ಟು ಮನೆ ಖಾಲಿ ಇವೆ, ಏಪ್ರಿಲ್-ಮೇನಲ್ಲಿ ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತವೆ? ಆ ಭಾಗದಲ್ಲಿ ಬೇಸಿಗೆಯಲ್ಲಿ ಟ್ಯಾಂಕರ್ ನೀರನ್ನೇ ನೆಚ್ಚಿಕೊಂಡ ಸೊಸೈಟಿಗಳು ಬಹಳ, ಆ ಖರ್ಚು ಬಂದು ಕೂರುವುದು ನಿಮ್ಮ ಮೇಂಟೆನೆನ್ಸಿನ ಮೇಲೆ.

ಅದಕ್ಕೂ ಮೊದಲು ಇವತ್ತು ಸಂಜೆಯೇ ತಂಗಿಗೆ ಫೋನ್ ಮಾಡಿ. ಮನೆ ಕೊಳ್ಳಲೋ ಬೇಡವೋ ಅಂತ ಕೇಳಬೇಡಿ. ಮಳೆಗಾಲದ ರಾತ್ರಿ ಹತ್ತಕ್ಕೆ ವಾಕಡದಿಂದ ಫೋನ್ ಬಂದರೆ ಅವರ ಮನೆಯಿಂದ ಯಾರಾದರೂ ಕೀ ತೆಗೆದುಕೊಂಡು ಹೋಗುತ್ತಾರಾ ಅಂತ ಕೇಳಿ. ಅವರು ಹಿಂದೆಮುಂದೆ ನೋಡಿದರೆ ಈ ಫ್ಲಾಟ್ ಬಿಡಿ, ಧಾರವಾಡದಲ್ಲೇ ಏನಾದರೂ ಹುಡುಕಿ.