ಇಬ್ಬರೇ ಇರುವ ಮನೆಗೆ ಕಾಸ್ಟ್‌ಕೋ ಕಾರ್ಡ್ ಬೇಕಾ?

ಡಲ್ಲಾಸ್ ಹತ್ತಿರ ಬಂದು ನಾಲ್ಕು ತಿಂಗಳು, ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ಕಾರು ಒಂದೇ, ಅಪಾರ್ಟ್‌ಮೆಂಟ್ ಮೂರನೇ ಮಹಡಿಯಲ್ಲಿ, ವರ್ಷದ ಶುಲ್ಕ ಕಟ್ಟಿ ಕಾರ್ಡ್ ಮಾಡಿಸಿದವರಿಗೆ ದೊಡ್ಡ ದೊಡ್ಡ ಪ್ಯಾಕೆಟ್ಟಿನಲ್ಲಿ ಸಾಮಾನು ಮಾರುವ ಕಾಸ್ಟ್‌ಕೋ ಅಂಗಡಿ 25 ನಿಮಿಷದ ದಾರಿ, ಮೇ ತಿಂಗಳಲ್ಲಿ ಅತ್ತೆ ಮಾವ ಬರುತ್ತಾರೆ ಅಂತ ಬರೆದಿದ್ದೀರಿ. ಆಫೀಸಿನವರೆಲ್ಲ ಎಕ್ಸಿಕ್ಯೂಟಿವ್ ಕಾರ್ಡೇ ತಗೊಳ್ಳಿ ಅನ್ನುತ್ತಾರಂತೆ. ಅಷ್ಟು ದುಡ್ಡು ಕೊಡೋದು ಸರೀನಾ ಅಂತ ಕೇಳಿದ್ದೀರಿ. ಓದುತ್ತಿದ್ದರೆ ಒಂಬತ್ತು ವರ್ಷದ ಹಿಂದಿನ ನಮ್ಮ ಮನೆಯನ್ನೇ ನೋಡಿದ ಹಾಗಾಯಿತು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಈಗಲೇ ಬೇಡ. ಅತ್ತೆ ಮಾವ ಬರುವ ವಾರ ಮಾಡಿಸಿ. ಆಗಲೂ ವರ್ಷಕ್ಕೆ 65 ಡಾಲರ್‌ನ ಸಾದಾ ಕಾರ್ಡ್ ಸಾಕು, 130ರ ಎಕ್ಸಿಕ್ಯೂಟಿವ್ ಬೇಡ.

ಯಾಕೆ ಅಂತ ಹೇಳುತ್ತೇನೆ. ನಮ್ಮೂರು ಹಾಸನದ ಕಡೆ. ಬೇಸಿಗೆ ಬಂತೆಂದರೆ ಅಜ್ಜಿ ಇಡೀ ವರ್ಷಕ್ಕಾಗುವಷ್ಟು ಹುಣಸೆಹಣ್ಣು ತರಿಸಿ, ಬೀಜ ಬಿಡಿಸಿ, ಉಪ್ಪು ಬೆರೆಸಿ ಜಾಡಿಗೆ ತುಂಬುತ್ತಿದ್ದರು. ಬ್ಯಾಡಗಿ ಮೆಣಸಿನಕಾಯಿ ಅಂಗಳದಲ್ಲಿ ಒಣಗುತ್ತಿತ್ತು. ತೊಗರಿಬೇಳೆಗೆ ಹರಳೆಣ್ಣೆ ಸವರಿ ಡಬ್ಬಕ್ಕೆ ಹಾಕುತ್ತಿದ್ದರು, ಹುಳ ಬೀಳಬಾರದು ಅಂತ. ಆದರೆ ಸೊಪ್ಪು ಮಾತ್ರ ಬೆಳಿಗ್ಗೆ ಬಾಗಿಲಿಗೆ ಬರುವ ಸೊಪ್ಪಿನವರ ಹತ್ತಿರ, ಅವತ್ತಿಗೆ ಎಷ್ಟು ಬೇಕೋ ಅಷ್ಟೇ. ಇನ್ನೊಂದು ಕಟ್ಟು ಅರ್ಧ ಬೆಲೆಗೆ ಕೊಡ್ತೀನಿ ಅಂದರೂ ತಗೊಳ್ಳುತ್ತಿರಲಿಲ್ಲ. ಒಟ್ಟಿಗೆ ಕೊಳ್ಳುವುದು ನಮ್ಮ ಮನೆಗಳಿಗೆ ಹೊಸದಲ್ಲ. ಯಾವುದನ್ನು ವರ್ಷಕ್ಕೆ ತರಬೇಕು, ಯಾವುದನ್ನು ದಿನಕ್ಕೆ ತರಬೇಕು ಅನ್ನುವುದು ಅಜ್ಜಿಗೆ ಗೊತ್ತಿತ್ತು. ಇಲ್ಲಿಗೆ ಬಂದ ಮೊದಲ ವರ್ಷ ನಾನು ಅದನ್ನು ಮರೆತುಬಿಟ್ಟೆ.

ಕಾಸ್ಟ್‌ಕೋದಿಂದ ದೊಡ್ಡ ಡಬ್ಬ ಪಾಲಕ್ ತಂದಿದ್ದೆ. ಹತ್ತಿರದ ಅಂಗಡಿಯ ಚಿಕ್ಕ ಡಬ್ಬಕ್ಕಿಂತ ಸ್ವಲ್ಪವೇ ಜಾಸ್ತಿ ಬೆಲೆ, ಸೊಪ್ಪು ಮಾತ್ರ ಮೂರರಷ್ಟು. ಮೊದಲ ದಿನ ಹುಳಿ ಮಾಡಿದೆ. ಮಾರನೇ ದಿನ ಚಪಾತಿ ಹಿಟ್ಟಿಗೆ ಕಲಸಿದೆ. ಮೂರನೇ ದಿನ ಇಬ್ಬರಿಗೂ ಪಾಲಕ್ ಸಾಕಾಗಿತ್ತು. ಐದನೇ ದಿನ ಮುಚ್ಚಳ ತೆಗೆದರೆ ಮೇಲಿನ ಎಲೆ ಹಸಿರಾಗಿಯೇ ಇದೆ, ಕೆಳಗಿನದೆಲ್ಲ ಕಪ್ಪು ಲೋಳೆ. ಅರ್ಧ ಡಬ್ಬ ಕಸಕ್ಕೆ ಹೋಯಿತು. ಮೂರು ಪೌಂಡಿನ ವಾಲ್‌ನಟ್ ಚೀಲವನ್ನು ಒಲೆಯ ಮೇಲಿನ ಕಪಾಟಿನಲ್ಲಿ ಇಟ್ಟಿದ್ದೆ. ಎರಡು ತಿಂಗಳಿಗೆ ಕಮಟು ವಾಸನೆ ಬಂತು. ಕಾಯಿ, ಬೀಜಗಳಲ್ಲಿರುವ ಎಣ್ಣೆಗೆ ಬಿಸಿ ತಾಗಿದರೆ ಬೇಗ ಕೆಡುತ್ತದೆ. ಈಗ ಅದನ್ನೆಲ್ಲ ಫ್ರೀಜರ್‌ನಲ್ಲಿಡುತ್ತೇನೆ. ಹೀಗೆ ಎಸೆದದ್ದರ ಲೆಕ್ಕ ಬಿಲ್ಲಿನಲ್ಲಿ ಎಲ್ಲೂ ಇರುವುದಿಲ್ಲ, ನೋಡಿ. ಉಳಿಸಿದೆವು ಅಂದುಕೊಂಡೇ ಇರುತ್ತೇವೆ.

ಪ್ಯಾಕೆಟ್ಟುಗಳು ಯಾಕೆ ಅಷ್ಟು ದೊಡ್ಡವು ಅನ್ನುವುದಕ್ಕೆ ಒಂದು ಕಾರಣ ಇದೆ. ಈ ಬಗೆಯ ಅಂಗಡಿ ಶುರುವಾಗಿದ್ದು 1976ರಲ್ಲಿ, ಸ್ಯಾನ್ ಡಿಯಾಗೋದಲ್ಲಿ, ಹಳೆಯ ವಿಮಾನದ ಶೆಡ್ ಒಂದರಲ್ಲಿ. ಸೋಲ್ ಪ್ರೈಸ್ ಅನ್ನುವವರು ತೆರೆದ ಪ್ರೈಸ್ ಕ್ಲಬ್ ಅದು. ಮೊದಲಿಗೆ ಸಣ್ಣ ವ್ಯಾಪಾರಿಗಳಿಗೆ ಮಾತ್ರ ಅಲ್ಲಿ ಪ್ರವೇಶ. ಕಾಸ್ಟ್‌ಕೋ 1983ರಲ್ಲಿ ಸಿಯಾಟಲ್‌ನಲ್ಲಿ ಶುರುವಾಯಿತು, 1993ರಲ್ಲಿ ಎರಡೂ ಸೇರಿಕೊಂಡವು. 2003ರಲ್ಲಿ ಬೆಂಗಳೂರಿಗೆ ಬಂದ ಮೆಟ್ರೋ ಸಗಟು ಮಳಿಗೆ ನೋಡಿದ್ದರೆ ನಿಮಗೆ ಗೊತ್ತಿರುತ್ತದೆ, ಅಲ್ಲೂ ವ್ಯಾಪಾರಿಗಳಿಗೇ ಕಾರ್ಡ್ ಕೊಡುತ್ತಿದ್ದರು. ಅಂದರೆ ಈ ಅಳತೆಯೆಲ್ಲ ಹೋಟೆಲ್ಲಿಗೆ, ಕಿರಾಣಿ ಅಂಗಡಿಗೆ ಅಂತ ಹುಟ್ಟಿದ್ದು. ನಾಲ್ಕೈದು ಜನರ ಮನೆಗೆ ಹೇಗೋ ಒಗ್ಗುತ್ತದೆ. ಇಬ್ಬರಿಗೆ ಆರಿಸಿಕೊಂಡು ಕೊಳ್ಳಬೇಕು.

ಸಾಮಾನಿಗೆ ಬೆಲೆ ಕಡಿಮೆ ಅನ್ನುವುದು ನಿಜ. ಕೊಂಡ ಬೆಲೆಯ ಮೇಲೆ ಸಾಮಾನ್ಯವಾಗಿ 14–15 ಶೇಕಡಾಕ್ಕಿಂತ ಜಾಸ್ತಿ ಇಟ್ಟು ಅವರು ಮಾರುವುದಿಲ್ಲ. ಕಂಪನಿಯ ಲಾಭದ ದೊಡ್ಡ ಪಾಲು ಬರುವುದು ನಾವು ಕಟ್ಟುವ ಕಾರ್ಡ್ ಶುಲ್ಕದಿಂದ. ಆದ್ದರಿಂದ ಕಾರ್ಡ್ ಮಾಡಿಸಿ ಅಂಗಡಿಗೆ ಹೋಗದವರೇ ಅವರಿಗೆ ಸುಲಭದ ಗಿರಾಕಿ. ನೀವು ಆ ಸಾಲಿಗೆ ಸೇರಬಾರದು ಅನ್ನುವುದೇ ನನ್ನ ಕಾಳಜಿ.

ಇನ್ನೊಂದು ಮಾತು ಬಹಳ ಜನ ಯೋಚಿಸುವುದಿಲ್ಲ. ವರ್ಷಕ್ಕೆ ಅಷ್ಟು ಉಳಿಯಿತು, ಇಷ್ಟು ಉಳಿಯಿತು ಅಂತ ಇಲ್ಲಿನವರು ಹಾಕುವ ಲೆಕ್ಕ ನೋಡುತ್ತೀರಲ್ಲ, ಅದರಲ್ಲಿ ಮುಕ್ಕಾಲು ಪಾಲು ಮಾಂಸ, ಚೀಸ್, ಬ್ರೆಡ್ಡು, ಡಬ್ಬದ ತಿಂಡಿ ಇರುತ್ತದೆ. ನಮ್ಮ ಅಡುಗೆಮನೆ ಹಾಗಿಲ್ಲ. ಸೋನಾ ಮಸೂರಿ, ತೊಗರಿಬೇಳೆ, ಉದ್ದಿನಬೇಳೆ, ಅವಲಕ್ಕಿ, ರವೆ, ರಾಗಿ ಹಿಟ್ಟು, ಕರಿಬೇವು, ತೆಂಗಿನತುರಿ, ಇದಕ್ಕೆಲ್ಲ ನೀವು ಇಂಡಿಯನ್ ಸ್ಟೋರಿಗೇ ಹೋಗಬೇಕು. ನಮ್ಮವರು ಜಾಸ್ತಿ ಇರುವ ಕಡೆ ಕಾಸ್ಟ್‌ಕೋದಲ್ಲೂ ಸೋನಾ ಮಸೂರಿ, ಆಟಾ ಇಡುವುದುಂಟು. ಆದರೂ ತಿಂಗಳ ಸಾಮಾನಿನ ಚೀಟಿ ಅರ್ಧಕ್ಕೇ ನಿಲ್ಲುತ್ತದೆ. ಸಸ್ಯಾಹಾರಿಗಳಾದರೆ ಇನ್ನೂ ಮೊದಲೇ ನಿಲ್ಲುತ್ತದೆ. ನೀವು ಮಾಂಸ, ಮೀನು ತಿನ್ನುವವರಾದರೆ ಮಾತ್ರ ನನ್ನ ಲೆಕ್ಕವನ್ನು ಸ್ವಲ್ಪ ತಿದ್ದಿಕೊಳ್ಳಿ.

ಹಾಗಾದರೆ ನಮ್ಮಂಥವರಿಗೆ ಅಲ್ಲಿ ಏನಿದೆ? ನನ್ನ ಮಟ್ಟಿಗೆ ಮೊದಲನೆಯದು ಬೆಣ್ಣೆ. ಕಿರ್ಕ್‌ಲ್ಯಾಂಡ್ ಅನ್ನುವುದು ಅವರದೇ ಬ್ರ್ಯಾಂಡ್. ಅದರ ಉಪ್ಪಿಲ್ಲದ ಬೆಣ್ಣೆ ಒಂದೊಂದು ಪೌಂಡಿನ ನಾಲ್ಕು ಪೊಟ್ಟಣವಾಗಿ ಬರುತ್ತದೆ. ಮೂರನ್ನು ಫ್ರೀಜರ್‌ಗೆ ಹಾಕಿ ಒಂದನ್ನು ಕಾಯಿಸುತ್ತೇನೆ. ದಪ್ಪ ತಳದ ಪಾತ್ರೆ, ಸಣ್ಣ ಉರಿ. ಮೊದಲು ನೊರೆ ಏಳುತ್ತದೆ, ಆಮೇಲೆ ಚಟಚಟ ಸದ್ದು. ಸದ್ದು ಅಡಗಿ, ತಳದ ಗಸಿ ಕಂದು ಬಣ್ಣಕ್ಕೆ ತಿರುಗಿ, ಘಮ್ಮನೆ ವಾಸನೆ ಬಂದಾಗ ಒಂದು ವೀಳ್ಯದೆಲೆ ಹರಿದು ಹಾಕಿ ಇಳಿಸುತ್ತೇನೆ. ನುಗ್ಗೆಸೊಪ್ಪು ಸಿಕ್ಕರೆ ಇನ್ನೂ ಒಳ್ಳೆಯದು. ಸೋಸಿಟ್ಟರೆ ಮಾರನೇ ಬೆಳಿಗ್ಗೆ ಮರಳು ಮರಳಾಗಿ ಕೂತಿರುತ್ತದೆ. ಒಂದು ಪೌಂಡಿಗೆ ಹತ್ತಿರ ಹತ್ತಿರ 350 ಗ್ರಾಂ ತುಪ್ಪ ಬರುತ್ತದೆ. ಇಂಡಿಯನ್ ಸ್ಟೋರಿನ ತುಪ್ಪದ ಬಾಟಲಿಗೆ ಕೊಡುವುದಕ್ಕಿಂತ ನಮಗೆ ಇದು ಅಗ್ಗವಾಗಿ ಬೀಳುತ್ತದೆ. ರುಚಿಯಲ್ಲಂತೂ ಎರಡಕ್ಕೂ ಹೋಲಿಕೆಯೇ ಇಲ್ಲ.

ಆಮೇಲೆ ಎರಡೂವರೆ ಪೌಂಡಿನ ಗೋಡಂಬಿ ಡಬ್ಬ, ಮೂರು ಪೌಂಡಿನ ಬಾದಾಮಿ, ಅಡುಗೆ ಎಣ್ಣೆ, ಬಟ್ಟೆ ಸೋಪು, ಟಿಶ್ಯೂ. ಇವು ಕೆಡುವ ವಸ್ತುಗಳಲ್ಲ, ಅಥವಾ ಫ್ರೀಜರ್‌ನಲ್ಲಿ ಉಳಿಯುವಂಥವು. ಹಾಲನ್ನು ನಮ್ಮ ಕಡೆ ಎರಡು ಗ್ಯಾಲನ್ ಜೋಡಿ ಮಾಡಿ ಮಾರುತ್ತಾರೆ. ಅಂದರೆ ಏಳೂವರೆ ಲೀಟರ್. ಮನೆಯಲ್ಲೇ ಹೆಪ್ಪು ಹಾಕಿ ದಿನಾ ಮೊಸರನ್ನ ತಿನ್ನುವವರಾದರೆ ಖರ್ಚಾಗುತ್ತದೆ, ಬರೀ ಕಾಫಿಗೆ ಅಂದರೆ ಆಗುವುದಿಲ್ಲ. ಹಣ್ಣು, ಸೊಪ್ಪು, ಬ್ರೆಡ್ಡಿನ ಕಡೆ ಇಬ್ಬರೇ ಇರುವಾಗ ಹೋಗಲೇಬೇಡಿ.

ಒಂದು ಕೆಲಸ ಮಾಡಿ. ಈ ನಾಲ್ಕು ತಿಂಗಳ ಬಿಲ್ಲುಗಳಲ್ಲಿ ಎಷ್ಟು ಸಿಕ್ಕಿದರೆ ಅಷ್ಟು ತೆಗೆದು, ಮೇಲೆ ಹೇಳಿದ ಸಾಮಾನುಗಳಿಗೆ ತಿಂಗಳಿಗೆ ಎಷ್ಟು ಖರ್ಚಾಯಿತು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಅಂಗಡಿಯ ಬೆಲೆ ಚೀಟಿಯ ಮೂಲೆಯಲ್ಲಿ ಒಂದು ಪೌಂಡಿಗೆ ಅಥವಾ ಒಂದು ಔನ್ಸಿಗೆ ಎಷ್ಟು ಅಂತ ಚಿಕ್ಕದಾಗಿ ಇರುತ್ತದೆ. 16 ಔನ್ಸ್ ಅಂದರೆ ಒಂದು ಪೌಂಡ್. ಹೋಲಿಸಬೇಕಾದ್ದು ಅದನ್ನೇ, ಪ್ಯಾಕೆಟ್ಟಿನ ಬೆಲೆಯನ್ನಲ್ಲ. ನಾವು ಹೀಗೆ ಮಾಡಿದಾಗ ತಿಂಗಳಿಗೆ 12 ಡಾಲರ್ ಉಳಿಯುತ್ತದೆ ಅಂತ ಗೊತ್ತಾಯಿತು. ವರ್ಷಕ್ಕೆ 144. ಶುಲ್ಕ ಕಳೆದರೆ ಕೈಗೆ 79. ದೊಡ್ಡ ಮೊತ್ತವೇನಲ್ಲ, ಆದರೂ ನಮ್ಮದು ಮನೆಯಿಂದ ಏಳು ನಿಮಿಷ ಅನ್ನುವುದರಿಂದ ಇಟ್ಟುಕೊಂಡಿದ್ದೇವೆ.

ಪೆಟ್ರೋಲ್ ಲೆಕ್ಕವನ್ನೂ ನಿಮಗೆ ಯಾರಾದರೂ ಹೇಳಿರುತ್ತಾರೆ. ಅಲ್ಲಿನ ಬಂಕ್‌ನಲ್ಲಿ ನಮ್ಮ ಕಡೆ ಗ್ಯಾಲನ್ನಿಗೆ 20–30 ಸೆಂಟ್ ಕಡಿಮೆ ಇರುತ್ತದೆ. ತಿಂಗಳಿಗೆ ಎರಡು ಸಲ 12 ಗ್ಯಾಲನ್ ಹಾಕಿಸುತ್ತೀರಿ ಅಂದುಕೊಳ್ಳಿ. 25 ಸೆಂಟಿನಂತೆ ವರ್ಷಕ್ಕೆ 72 ಡಾಲರ್ ಆಯಿತು, ಶುಲ್ಕ ಅಲ್ಲೇ ಬಂತು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ನಿಮಗೆ ಹೋಗಲು 25 ನಿಮಿಷ, ಬರಲು 25. ಸಾಲಿನಲ್ಲಿ ನಿಲ್ಲುವ ಹೊತ್ತು ಬೇರೆ. ಆಫೀಸಿಗೆ ಹೋಗುವ ದಾರಿಯಲ್ಲಿ ಇದ್ದರೆ ಈ 72 ಡಾಲರ್ ಎಣಿಸಿ. ಇಲ್ಲದಿದ್ದರೆ ಸುಮ್ನೆ ಬಿಟ್ಟುಬಿಡಿ.

ಎಕ್ಸಿಕ್ಯೂಟಿವ್ ಕಾರ್ಡಿನದು ಸರಳ. ಕೊಂಡದ್ದರ ಮೇಲೆ ವರ್ಷಕ್ಕೊಮ್ಮೆ 2 ಶೇಕಡಾ ವಾಪಸ್ ಕೊಡುತ್ತಾರೆ. ಅದಕ್ಕೆ ನೀವು ಜಾಸ್ತಿ ಕಟ್ಟುವುದು 65 ಡಾಲರ್. ಅದು ಹಿಂದಕ್ಕೆ ಬರಬೇಕಾದರೆ ವರ್ಷಕ್ಕೆ 3,250 ಡಾಲರ್ ಸಾಮಾನು ಕೊಳ್ಳಬೇಕು, ತಿಂಗಳಿಗೆ ಸುಮಾರು 270. ಪೆಟ್ರೋಲ್ ಈ ಲೆಕ್ಕಕ್ಕೆ ಸೇರುವುದಿಲ್ಲ. ನಿಮ್ಮ ಆಫೀಸಿನವರಿಗೆ ಇಬ್ಬರು ಮಕ್ಕಳು, ಡೈಪರ್ ಖರ್ಚು ಇರಬಹುದು, ಅವರಿಗೆ ಸರಿಹೋಗುತ್ತದೆ. ಆ 3,250 ತುಂಬಿಸಲೆಂದೇ ಇನ್ನೇನೋ ಕೊಳ್ಳುವ ಅಭ್ಯಾಸವೂ ಶುರುವಾಗುತ್ತದೆ, ನಾನೇ ಮನೆಗಳಲ್ಲಿ ಕಂಡಿದ್ದೇನೆ.

ಮೇ ತಿಂಗಳವರೆಗೆ ಏನು ಮಾಡುವುದು? ಕಾರ್ಡ್ ಇರುವವರು ತಮ್ಮ ಜೊತೆ ಇಬ್ಬರನ್ನು ಒಳಗೆ ಕರೆದುಕೊಂಡು ಹೋಗಬಹುದು. ದುಡ್ಡು ಕೊಡುವುದು ಮಾತ್ರ ಅವರೇ. ಒಂದು ಶನಿವಾರ ಗೆಳೆಯರ ಜೊತೆ ಹೋಗಿ, ಹಾಳೆ ಕೈಯಲ್ಲಿಟ್ಟುಕೊಂಡು ಬೆಲೆ ಬರೆದುಕೊಂಡು ಬನ್ನಿ. ಬೆಣ್ಣೆಯ ಪೊಟ್ಟಣ ಇಬ್ಬರೂ ಹಂಚಿಕೊಳ್ಳಿ. ನಾವು ಎರಡು ಮನೆಯವರು ಮೊದಲ ವರ್ಷವೆಲ್ಲ ಹೀಗೇ ನಡೆಸಿದೆವು. ಕಾಸ್ಟ್‌ಕೋದವರದೇ ಶಾಪ್ ಕಾರ್ಡ್ ಅಂತ ಇದೆ, ಮೊದಲೇ ದುಡ್ಡು ತುಂಬಿಸಿದ ಗಿಫ್ಟ್ ಕಾರ್ಡ್. ಸದಸ್ಯರು ಅದನ್ನು ಕೊಂಡು ನಿಮಗೆ ಕೊಟ್ಟರೆ, ಮೆಂಬರ್‌ಶಿಪ್ ಇಲ್ಲದೆಯೂ ನೀವು ಖರೀದಿ ಮಾಡಬಹುದು. ವೈದ್ಯರು ಬರೆದುಕೊಟ್ಟ ಔಷಧಿಗೂ ಅಲ್ಲಿನ ಫಾರ್ಮಸಿಯಲ್ಲಿ ಕಾರ್ಡ್ ಬೇಡ. ಅತ್ತೆ ಮಾವ ಬಂದಾಗ ಇದು ನೆನಪಿರಲಿ.

ಅವರು ಬಂದ ಮೇಲೆ ಮನೆಯ ಲೆಕ್ಕವೇ ಬೇರೆಯಾಗುತ್ತದೆ. ನಮ್ಮತ್ತೆ ಇದ್ದ ಆರು ತಿಂಗಳು ಎರಡು ಗ್ಯಾಲನ್ ಹಾಲು ವಾರಕ್ಕೂ ಸಾಲುತ್ತಿರಲಿಲ್ಲ. ದಿನಕ್ಕೆ ಮೂರು ಸಲ ಕಾಫಿ, ರಾತ್ರಿ ಮಜ್ಜಿಗೆ, ಶುಕ್ರವಾರ ಪಾಯಸ. ಮನೆಯಲ್ಲಿ ದೊಡ್ಡವರು ಇದ್ದರೆ ಹಣ್ಣೂ ಕೆಡುವುದಿಲ್ಲ. ನಮ್ಮತ್ತೆ ಎದ್ದ ಕೂಡಲೇ ಬಾಳೆಹಣ್ಣು ನೋಡಿ, ಕಪ್ಪಾಗುತ್ತಿದ್ದರೆ ರಸಾಯನ ಮಾಡಿಬಿಡುತ್ತಿದ್ದರು. ಒಂದು ಶುಲ್ಕಕ್ಕೆ ಎರಡು ಕಾರ್ಡ್ ಕೊಡುತ್ತಾರೆ, ಎರಡನೆಯದು ಅದೇ ವಿಳಾಸದಲ್ಲಿರುವ ಇನ್ನೊಬ್ಬರಿಗೆ. ಇಬ್ಬರೂ ಮಾಡಿಸಿಕೊಳ್ಳಿ. ಅವರು ವಾಪಸ್ ಹೋದ ಮೇಲೆ ಬೇಡ ಅನ್ನಿಸಿದರೆ ಮುಂದಿನ ವರ್ಷ ಕಟ್ಟಬೇಡಿ. ನಡುವೆಯೇ ತೃಪ್ತಿಯಾಗದಿದ್ದರೂ ಕೌಂಟರಿನಲ್ಲಿ ಹೇಳಿದರೆ ಶುಲ್ಕ ಪೂರ್ತಿ ವಾಪಸ್ ಕೊಡುತ್ತಾರೆ.

ಒಳಗೆ ಹೋಗುವಾಗ ಚೀಟಿ ಇರಲಿ. ಬೆಣ್ಣೆ ತರಲು ಹೋದವರ ಗಾಡಿಯಲ್ಲಿ ಹೊದಿಕೆ, ಸೂಟ್‌ಕೇಸು, ತೋಟದ ದೀಪ ಬಂದು ಕೂರುವುದು ಅಲ್ಲಿ ದಿನವೂ ನಡೆಯುತ್ತದೆ. ಕ್ರೆಡಿಟ್ ಕಾರ್ಡ್ ಆದರೆ ವೀಸಾ ಮಾತ್ರ ನಡೆಯುತ್ತದೆ, ನಿಮ್ಮದು ಬೇರೆಯಾದರೆ ಡೆಬಿಟ್ ಕಾರ್ಡ್ ತಗೊಂಡು ಹೋಗಿ. ಮೂರನೇ ಮಹಡಿ ಅಂದಿರಿ. ಲಿಫ್ಟ್ ಇಲ್ಲದಿದ್ದರೆ ನೀರಿನ ಬಾಟಲಿ ಕಟ್ಟು, 20 ಪೌಂಡಿನ ಅಕ್ಕಿ ಮೂಟೆ ಒಂದೇ ದಿನ ತರಬೇಡಿ. ಇನ್ನೊಂದು, ಕಾರಿನಲ್ಲಿ ಒಂದು ಐಸ್ ಬ್ಯಾಗ್ ಇಟ್ಟುಕೊಳ್ಳಿ. ಟೆಕ್ಸಸ್‌ನ ಮೇ ತಿಂಗಳ ಬಿಸಿಲಿನಲ್ಲಿ 25 ನಿಮಿಷ ಅಂದರೆ ಬೆಣ್ಣೆ ಮನೆ ಸೇರುವಷ್ಟರಲ್ಲಿ ಅರ್ಧ ಕರಗಿರುತ್ತದೆ.