ನಂಪೈ ಲಾಗ್10: ಮಳೆಯ ಸರಾಸರಿ ಋಣ ಅನಂತವಾಗುವುದೇಕೆ?

ವಿಜಯಪುರದ ದಿನವಾರು ಮಳೆಯ ಅಂಕಿಗಳಿಗೆ ನಂಪೈಯ (ಪೈಥಾನ್ ಭಾಷೆಯ ಗಣಿತ ಲೈಬ್ರರಿ) ಲಾಗ್10, ಅಂದರೆ 10ರ ಆಧಾರದ ಲಾಗರಿದಮ್, ಅನ್ವಯಿಸಿದಾಗ ಸರಾಸರಿಯೇ ‘ಮೈನಸ್ ಇನ್ಫ್’ (ಋಣ ಅನಂತ) ಆಗುತ್ತಿದೆ ಎಂದು ಕೇಳಿದ್ದೀರಿ. ಲೆಕ್ಕದಲ್ಲಿ ದೋಷವಿಲ್ಲ, ನಮ್ಮ ಭಾಗದ ಒಣ ದಿನಗಳ ಸೊನ್ನೆಗಳೇ ಕಾರಣ. ಈ ಫಂಕ್ಷನ್ ಅರೇಯ (ಅಂಕಿಗಳ ಸಾಲಿನ) ಪ್ರತಿ ಅಂಶವನ್ನೂ ಪ್ರತ್ಯೇಕವಾಗಿ ತೆಗೆದುಕೊಳ್ಳುವುದರಿಂದ 1, 10, 100 ಮಿ.ಮೀ.ಗೆ ಕ್ರಮವಾಗಿ 0, 1, 2 ಬರುತ್ತವೆ. ಆದರೆ ಸೊನ್ನೆಗೆ ಋಣ ಅನಂತವನ್ನೂ, ದಾಖಲೆಯಿಲ್ಲದ ದಿನಕ್ಕೆ ತುಂಬಿರಬಹುದಾದ -999ರಂಥ ಸಂಖ್ಯೆಗೆ ‘ನ್ಯಾನ್’ (ಸಂಖ್ಯೆಯಲ್ಲ ಎಂಬ ಗುರುತು) ಅನ್ನೂ ಕೊಟ್ಟು, ಎಚ್ಚರಿಕೆಯನ್ನಷ್ಟೇ ತೋರಿಸಿ ಅದು ಮುಂದೆ ಸಾಗುತ್ತದೆ.

ಇದಕ್ಕೆ ಪರಿಹಾರವಾಗಿ, ಯಾವ ಅಂಶಗಳಿಗೆ ಮಾತ್ರ ಲೆಕ್ಕ ಮಾಡಬೇಕೆಂದು ಹೇಳುವ ಲಾಗ್10ರ ‘ವೇರ್’ ಆಯ್ಕೆಯಲ್ಲಿ ಮಳೆ ಸೊನ್ನೆಗಿಂತ ಹೆಚ್ಚಿರಬೇಕೆಂಬ ಷರತ್ತನ್ನು ಕೊಡಿ. ಇಲ್ಲಿಯೇ ಹಲವರು ಎಡವುತ್ತಾರೆ: ಜೊತೆಗೆ ಫಲಿತಾಂಶ ಬರೆಯುವ ಜಾಗವನ್ನು ಸೂಚಿಸುವ ‘ಔಟ್’ ಆಯ್ಕೆಗೆ ಅಷ್ಟೇ ಉದ್ದದ, ನ್ಯಾನ್ ತುಂಬಿದ ಫ್ಲೋಟ್ (ದಶಮಾಂಶ ಸಂಖ್ಯೆಗಳ) ಅರೇಯನ್ನು ಕೊಡದಿದ್ದರೆ, ಷರತ್ತಿಗೆ ಹೊರಗುಳಿದ ಸ್ಥಾನಗಳಲ್ಲಿ ಮೆಮೊರಿಯ ಹಳೆಯ ಕಸವೇ ಉಳಿದು, ನಿಜವಾದ ಅಂಕಿಯಂತೆ ಕಾಣಿಸಬಹುದು. ಅನಂತರ ‘ನ್ಯಾನ್‌ಮೀನ್’ (ನ್ಯಾನ್ ಬಿಟ್ಟು ಸರಾಸರಿ ತೆಗೆಯುವ ಫಂಕ್ಷನ್) ಬಳಸಿದರೆ ಮಳೆ ಬಿದ್ದ ದಿನಗಳ ಲಾಗ್ ಬೆಲೆಗಳ ಸರಾಸರಿ ಮಾತ್ರ ಸಿಗುತ್ತದೆ.

ಎಲ್ಲಕ್ಕೂ 1 ಕೂಡಿಸಿ ಲಾಗ್ ತೆಗೆಯುವ ರೂಢಿಯೂ ಉಂಟು, ಆದರೆ ಆಗ 1 ಮಿ.ಮೀ. ಮಳೆಗೆ 0 ಬದಲು 0.301 ಬರುವುದರಿಂದ ಸಣ್ಣ ಮಳೆಗಳ ಚಿತ್ರಣ ಬದಲಾಗುತ್ತದೆ. ನಾನಂತೂ ಇದನ್ನು ಒಪ್ಪುವುದಿಲ್ಲ. ಅಂದಹಾಗೆ, ಬರೀ ‘ಲಾಗ್’ ಎಂದು ಬರೆದರೆ ಅದು e (ಸುಮಾರು 2.718) ಆಧಾರದ ಸ್ವಾಭಾವಿಕ ಲಾಗರಿದಮ್. 100ಕ್ಕೆ 2 ಅಲ್ಲ, 4.605 ಬರುತ್ತದೆ.