ಸೆಲ್ಟಿಕ್ (ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ) ಭಕ್ತಿಗೀತೆ, ಜನಪದ ಹಾಡುಗಳನ್ನು ಇಬ್ಬರೇ ಸೇರಿ ಹೇಗೆ ಹಾಡುತ್ತಾರೆ?

ಐರ್ಲೆಂಡಿನ ಹಳೇ ಶೈಲಿ ಶಾನ್-ನೋಸ್ ಮೂಲದಲ್ಲಿ ಒಬ್ಬರೇ ಹಾಡುವಂಥದ್ದು. ವಾದ್ಯ ಇಲ್ಲ, ತಾಳದ ಬಿಗಿಯೂ ಕಡಿಮೆ, ಸ್ವರದ ಬಳುಕು ಮಾತ್ರ ಜಾಸ್ತಿ. ಹಾಗಾಗಿ ಇಬ್ಬರಿದ್ದಾರೆ ಅಂತ ಸುಮ್ನೆ ಹಾರ್ಮನಿ (ಒಟ್ಟಿಗೇ ಬೇರೆ ಬೇರೆ ಸ್ವರ ಹಾಡುವುದು) ತುಂಬಿದರೆ ಸೊಗಸು ಹೋಗಿಬಿಡುತ್ತದೆ (ನನ್ನ ಅಭಿಪ್ರಾಯ ಅಷ್ಟೇ, ಜಗಳಕ್ಕೆ ಬರಬೇಡಿ). ಒಬ್ಬರು ಆಧಾರ ಸ್ವರ ಹಿಡಿದು ನಿಂತು ಇನ್ನೊಬ್ಬರು ಹಾಡುವುದು ಒಂದು ದಾರಿ, ಸಾಲು ಹಂಚಿಕೊಳ್ಳುವುದು ಇನ್ನೊಂದು.

ಹಂಚಿಕೊಳ್ಳಲು ಹೇಳಿಮಾಡಿಸಿದ ಹಾಡು ಅಂದರೆ ಮೂವರು ಮೇರಿಯರ ಶೋಕಗೀತೆ. ತಾಯಿ ಮೇರಿ ತನ್ನ ಮಗ ಯೇಸುವನ್ನು ಕಂಡೆಯಾ ಅಂತ ಅವನ ಶಿಷ್ಯ ಪೀಟರನನ್ನು ಕೇಳುತ್ತಾಳೆ, ಅವನು ಶತ್ರುಗಳ ನಡುವೆ ಕಂಡೆ ಅನ್ನುತ್ತಾನೆ, ನಡುನಡುವೆ 'ಓಖೋನ್' ಅನ್ನುವ ಗೋಳು ಪಲ್ಲವಿಯಂತೆ ಮರಳಿ ಬರುತ್ತದೆ. ಪಶ್ಚಿಮ ಐರ್ಲೆಂಡಿನ ಕಾನೆಮಾರಾದ ಕಾರ್ನಾ ಕಡೆಯ ಶಾನ್-ನೋಸ್ ಗಾಯಕ ಜೋ ಹೀನಿ (1919–1984) ಇದನ್ನು ಒಬ್ಬರೇ ಹಾಡಿದ್ದು ಪ್ರಸಿದ್ಧ, ಮೊದಲು ಅದನ್ನೇ ಕೇಳಿ.

ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳಲ್ಲಿ ಹೆಂಗಸರು ಒದ್ದೆ ಉಣ್ಣೆ ಬಟ್ಟೆ ಬಡಿಯುತ್ತಾ ಹಾಡುತ್ತಿದ್ದ ಹಾಡುಗಳೂ ಇಬ್ಬರಿಗೆ ಸಲೀಸು. ಒಬ್ಬಳು ಸಾಲು ಎತ್ತುತ್ತಾಳೆ, ಉಳಿದವರದು ಪಲ್ಲವಿ.

ಅಂದ ಹಾಗೆ, ಐರಿಶ್ ಭಕ್ತಿಗೀತೆಗಳಿಗೆ ಹೆಸರಾದ ನೋರೀನ್ ನಿ ರಿಯಾನ್ ಹಾಡುವಾಗ ಬಳಸುವುದು ನಮ್ಮ ಶ್ರುತಿಪೆಟ್ಟಿಗೆಯನ್ನೇ!